ಗಾಣದ ಮನೆಯ ಕೆಮ್ಮು

ಕೆಮ್ಮಿನಲ್ಲಿ ಅನೇಕ ಬಗೆಗಳುಂಟು. ಸೊಸೆಯಂದಿರು ಮಾತನಾಡುತ್ತ ಕುಳಿತಿರುವ ಪಡಸಾಲೆಗೆ ಕಾಲಿಡುವ ಮುನ್ನ ಮನೆಯ ಹಿರಿಯರು ಕೆಮ್ಮುವ ಕೆಮ್ಮು ಒಂದು. ಅದು ರೋಗವಲ್ಲ, ಸಭ್ಯತೆ. ಭಾಷಣಕಾರರು ಮರೆತ ಮಾತನ್ನು ಹುಡುಕಿಕೊಳ್ಳುವಾಗ ಕೆಮ್ಮುವ ಕೆಮ್ಮು ಇನ್ನೊಂದು. ಅದೂ ರೋಗವಲ್ಲ, ಉಪಾಯ. ಮಳೆಗಾಲದಲ್ಲಿ ನೆಗಡಿಯ ಬೆನ್ನು ಹತ್ತಿ ಬಂದು, ಶುಂಠಿಯ ಕಷಾಯಕ್ಕೋ ಮೆಣಸಿನ ಸಾರಿಗೋ ಸೋತು ಹೊರಟುಹೋಗುವ ಕೆಮ್ಮಂತೂ ಎಲ್ಲ ಮನೆಗಳಿಗೂ ಪರಿಚಿತನಾದ ನೆಂಟ. ಆದರೆ ಮೂಡಲಗಿಯ ಕಡೆಯ ಒಂದು ತೋಟದ ಮನೆಯಲ್ಲಿ ಹತ್ತು ವರ್ಷಗಳಿಗೂ ಮಿಕ್ಕಿ ಬೀಡುಬಿಟ್ಟಿದ್ದ ಕೆಮ್ಮು ಇವುಗಳಲ್ಲಿ ಯಾವ ಬಗೆಗೂ ಸೇರಿದುದಲ್ಲ. ಅದು ಕಫವಿಲ್ಲದ ಒಣಕೆಮ್ಮು. ಯಜಮಾನರು ನಾಲ್ಕು ಮಾತು ಆಡಿದರೆ ಐದನೆಯ ಮಾತನ್ನು ತಾನೇ ಆಡಿಬಿಡುತ್ತಿತ್ತು. ಮೊದಮೊದಲು ಅದರಿಂದ ಮನೆಯವರ ನಿದ್ರೆ ಕೆಡುತ್ತಿತ್ತು. ಬರಬರುತ್ತ ಅದು ಕೇಳಿಸದಿದ್ದ ರಾತ್ರಿಯೇ ಅವರಿಗೆ ಎಚ್ಚರವಾಗತೊಡಗಿತು.

ಆ ಯಜಮಾನರನ್ನು ಸುತ್ತಲಿನವರೆಲ್ಲ 'ಗಾಣದ ಅಜ್ಜಾರು' ಎಂದೇ ಕರೆಯುತ್ತಾರೆ. ಇಲ್ಲಿಯೂ ಆ ಹೆಸರೇ ಸಾಕು. ಘಟಪ್ರಭೆಯ ನೀರು ಕಾಲುವೆಯಲ್ಲಿ ಹರಿದು ಬಂದ ಮೇಲೆ ಆ ಸೀಮೆಯ ಜೋಳದ ಹೊಲಗಳು ಒಂದೊಂದಾಗಿ ಕಬ್ಬಿನ ಪಾಲಾದವು. ಧೂಪದಾಳದ ಒಡ್ಡು 19ನೆಯ ಶತಮಾನದ ಕೊನೆಯದು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯದ ಕಟ್ಟಡ ಮುಗಿದದ್ದು 1977ರಲ್ಲಿ. ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು ಬಂದವು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ತಮ್ಮ ಗಾಣಗಳನ್ನು ನಿಲ್ಲಿಸಿ, ಕಬ್ಬನ್ನು ಕಾರ್ಖಾನೆಗೆ ಕಳಿಸಿ, ಬಿಲ್ಲಿನ ದಾರಿ ಕಾಯತೊಡಗಿದರೂ ಅಜ್ಜಾರು ಮಾತ್ರ ತಂದೆಯ ಕಾಲದ ಗಾಣವನ್ನು ಬಿಡಲಿಲ್ಲ. "ಸಕ್ಕರಿ ಮಷೀನ್ ಮಾಡತೈತಿ, ಬೆಲ್ಲ ಮನಶ್ಯಾ ಮಾಡತಾನ" ಎಂಬುದು ಅವರ ವಾದ. ವಾದದಲ್ಲಿ ಲಾಭನಷ್ಟದ ಲೆಕ್ಕ ಇರಲಿಲ್ಲವೆಂಬುದನ್ನು ಗೋಕಾಕದ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಮಗ ಆಗಾಗ ತೋರಿಸಿಕೊಡುತ್ತಿದ್ದ. ಅಜ್ಜಾರು ನಕ್ಕು, ಅವನ ಕೈಗೆ ಒಂದು ಉಂಡೆ ಬಿಸಿಬೆಲ್ಲವನ್ನು ಇಡುತ್ತಿದ್ದರು.

ಪೇಟೆಯ ವಾಚಕರಲ್ಲಿ ಹಲವರು ಗಾಣವನ್ನು ನೋಡಿರುವುದು ಇಂಥ ಬಿಸಿಬೆಲ್ಲದ ಆಸೆಯಿಂದ ಹೋದಾಗಲೇ ಇದ್ದೀತು. ಕಬ್ಬನ್ನು ಅರೆದು ಹಾಲು ತೆಗೆದ ಬಳಿಕ ಉಳಿಯುವ ಸಿಪ್ಪೆಯನ್ನು ಅಂಗಳದಲ್ಲಿ ಹರವಿ ಬಿಸಿಲಿಗೆ ಒಣಗಿಸುತ್ತಾರೆ. ಅದೇ ಕೊಪ್ಪರಿಗೆಯ ಕೆಳಗಿನ ಒಲೆಗೆ ಉರುವಲು. ಹೊಸ ಸಿಪ್ಪೆ ನಿರುಪದ್ರವಿ. ಹಂಗಾಮು ಮುಗಿಯುವಾಗ ಮಿಕ್ಕುವ ಸಿಪ್ಪೆಯನ್ನು ಎಸೆಯಲು ಒಕ್ಕಲಿಗನಿಗೆ ಮನಸ್ಸು ಬಾರದು. ಮುಂದಿನ ವರ್ಷದ ಮೊದಲ ಒಲೆಗೆ ಬೇಕಾಗುತ್ತದೆಂದು ತಗಡಿನ ಮಾಡಿನ ಕೆಳಗೆ ಒಟ್ಟುತ್ತಾನೆ. ಜೂನ್ ತಿಂಗಳಲ್ಲಿ ಮಳೆಯ ಎರಚಲು ಅದಕ್ಕೆ ತಗಲುತ್ತದೆ. ಹಸಿಯಾದ ರಾಶಿಯೊಳಗೆ ಸೂಕ್ಷ್ಮಜೀವಿಗಳು ಕೆಲಸಕ್ಕೆ ತೊಡಗಿ, ಬೆಂಕಿಯಿಲ್ಲದೆಯೇ ರಾಶಿ ಬಿಸಿಯಾಗುತ್ತದೆ. ಒಳಗೆ ಕೈಹಾಕಿದರೆ ಸುಡುವುದುಂಟು; 50-60 ಡಿಗ್ರಿಯ ಆ ಕಾವಿನಲ್ಲಿ ಬಹಳ ಜೀವಿಗಳು ಸಾಯುತ್ತವೆ, ಆದರೆ ಕೆಲವಕ್ಕೆ ಅದೇ ಸುಗ್ಗಿ. ದೀಪಾವಳಿಯ ಹೊತ್ತಿಗೆ ರಾಶಿ ಮತ್ತೆ ಒಣಗಿರುತ್ತದೆ. ಆಗ ಕೊಕ್ಕೆ ಹಾಕಿ ಎಳೆದರೆ ಹಿಟ್ಟಿನಂಥ ಬಿಳಿಯ ಧೂಳು ಏಳುತ್ತದೆ. ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತದೆ. ಒಕ್ಕಲುತನದಲ್ಲಿ ಧೂಳು ಹೊಸದೇ? ಜೋಳ ತೂರುವಾಗ ಧೂಳು, ಹೊಟ್ಟು ತುಂಬುವಾಗ ಧೂಳು, ಕಣಿಕೆಯ ಬಣವೆ ಕೀಳುವಾಗ ಧೂಳು. ಟವೆಲಿನಿಂದ ಮುಖ ಒರೆಸಿಕೊಂಡರೆ ಅಲ್ಲಿಗೆ ಮುಗಿಯಿತು.

ರಾಶಿಯನ್ನು ಬಿಚ್ಚಿದ ದಿನ ಸಂಜೆ ಅಜ್ಜಾರಿಗೆ ಚಳಿಜ್ವರ ಬರುತ್ತಿತ್ತು. ಮೈಕೈ ನೋವು, ಎದೆ ಬಿಗಿತ, ಒಣಕೆಮ್ಮು. ಕಂಬಳಿ ಹೊದ್ದು ಮಲಗಿ, ಮಾರನೆಯ ದಿನ ಗಂಜಿ ಕುಡಿದರೆ ಮೂರನೆಯ ದಿನಕ್ಕೆ ಅವರು ಮತ್ತೆ ಒಲೆಯ ಮುಂದೆ. ಮನೆಯಲ್ಲಿ ಅದಕ್ಕೆ 'ಹಂಗಾಮಿನ ಜ್ವರ' ಎಂಬ ಹೆಸರೇ ಬಿದ್ದಿತ್ತು. ವರ್ಷಕ್ಕೊಮ್ಮೆ ಜಾತ್ರೆ ಬರುವಂತೆ ಅದೂ ಬರುತ್ತದೆ, ಹೋಗುತ್ತದೆ. ಮನೆಯ ಯಜಮಾನಿ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಬೆಳಿಗ್ಗೆ ಧೂಳು, ಸಂಜೆ ಜ್ವರ; ನಡುವೆ ಐದಾರು ತಾಸುಗಳ ಅಂತರ. ಆ ಅಂತರವೇ ಎಲ್ಲರನ್ನೂ ಮೋಸಗೊಳಿಸಿತು. ಮುಳ್ಳು ಚುಚ್ಚಿದೊಡನೆ ನೋವಾದರೆ ಮುಳ್ಳಿನ ಮೇಲೆ ಸಂಶಯ ಬರುತ್ತದೆ. ಬೆಳಿಗ್ಗೆ ಚುಚ್ಚಿ ಸಂಜೆ ನೋಯಿಸುವ ಮುಳ್ಳನ್ನು ಯಾರು ಹಿಡಿಯಬೇಕು?

ಕೆಲವು ವರ್ಷಗಳಲ್ಲಿ ಜ್ವರ ನಿಂತಿತು, ಕೆಮ್ಮು ಉಳಿಯಿತು. ಮನೆಯವರು ಇದನ್ನು ಸುಧಾರಣೆಯೆಂದು ಬಗೆದರು. ಗಾಣದಿಂದ ಹಣಮಪ್ಪನ ಗುಡಿಯವರೆಗೆ ಒಂದೇ ದಮ್ಮಿಗೆ ನಡೆಯುತ್ತಿದ್ದ ಅಜ್ಜಾರು ನಡುವಿನ ಬೇವಿನ ಮರದ ಕೆಳಗೆ ನಿಲ್ಲತೊಡಗಿದರು. ಮರುವರ್ಷ ಬೇವಿನ ಮರಕ್ಕಿಂತ ಮೊದಲು ಬಾವಿಕಟ್ಟೆಯ ಮೇಲೊಂದು ನಿಲುಗಡೆ ಹೆಚ್ಚಿತು. ಅವರು ಅದನ್ನು ಒಪ್ಪಿಕೊಳ್ಳುತ್ತಿರಲಿಲ್ಲ. ಬಾವಿಯ ನೀರಿನ ಮಟ್ಟ ನೋಡಲು ನಿಂತೆನೆನ್ನುವರು, ಬೇವಿನ ಗಾಳಿ ಆರೋಗ್ಯಕ್ಕೆ ಒಳ್ಳೆಯದೆನ್ನುವರು. ವಯಸ್ಸಾಯಿತೆಂಬ ಸಮಾಧಾನವಂತೂ ಎಲ್ಲ ರೋಗಗಳಿಗೂ ಒಳ್ಳೆಯ ಮರೆ.

ಔಷಧಗಳಿಗೇನೂ ಕೊರತೆಯಾಗಲಿಲ್ಲ. ಒಬ್ಬರು ಸಿಹಿಯಾದ ಕೆಮ್ಮಿನ ಔಷಧ ಕೊಟ್ಟರು. ಇನ್ನೊಬ್ಬರು ದಮ್ಮು ಎಂದು ಹೇಳಿ ಎಳೆದುಕೊಳ್ಳುವ ಪಂಪು ಕೊಟ್ಟರು. ಎದೆಯ ಚಿತ್ರದಲ್ಲಿ ಮಬ್ಬು ಕಂಡಿತೆಂದು ಒಂದು ಕಡೆ ಆರು ತಿಂಗಳು ಕ್ಷಯದ ಮಾತ್ರೆ ನುಂಗಿಸಿದರು. ಕಫದಲ್ಲಿ ಕ್ಷಯದ ಕ್ರಿಮಿ ಮಾತ್ರ ಒಮ್ಮೆಯೂ ಸಿಗಲಿಲ್ಲ. ಕ್ಷಯ ಇಷ್ಟೊಂದು ಇರುವ ನಮ್ಮ ದೇಶದಲ್ಲಿ ಮಬ್ಬು ಕಂಡೊಡನೆ ವೈದ್ಯನ ಮನಸ್ಸು ಅತ್ತ ಹರಿಯುವುದು ಸಹಜವೇ, ತಪ್ಪೆಂದು ಸುಲಭವಾಗಿ ಹೇಳುವಂತಿಲ್ಲ. ಆದರೂ ಆರು ತಿಂಗಳು ಆರು ತಿಂಗಳೇ. ಆ ಅವಧಿಯಲ್ಲಿ ಮನೆಯವರು ಅಜ್ಜಾರ ತಾಟು-ತಂಬಿಗೆಗಳನ್ನು ಬೇರೆ ಇಟ್ಟರು. ಮೊಮ್ಮಗುವನ್ನು ಅವರ ತೊಡೆಯ ಮೇಲೆ ಕೂರಿಸುವುದನ್ನು ನಿಲ್ಲಿಸಿದರು. ರೋಗವಿಲ್ಲದ ರೋಗದ ಶಿಕ್ಷೆಯನ್ನು ಅವರು ಬಾಯಿ ಬಿಡದೆ ಅನುಭವಿಸಿದರು.

ಚಿಕಿತ್ಸೆಗೆಂದು ಅವರು ಗೋಕಾಕದಲ್ಲಿ ಮಗನ ಮನೆಯಲ್ಲಿ ಆಗಾಗ ಉಳಿಯುತ್ತಿದ್ದರು. ಗೋಕಾಕವೆಂದೊಡನೆ ಹೊರಗಿನವರಿಗೆ ಕರದಂಟು ನೆನಪಾಗುತ್ತದೆ, ಇಲ್ಲವೆ ಘಟಪ್ರಭೆ 52 ಮೀಟರು ಕೆಳಗೆ ಧುಮುಕುವ ಜಲಪಾತ. ಆ ಜಲಪಾತದ ನೆತ್ತಿಯ ಮೇಲೆ 1885ರಲ್ಲಿ ಸ್ಥಾಪನೆಯಾದ ನೂಲಿನ ಗಿರಣಿಯಿಂದಾಗಿ ಆ ಊರಿನಲ್ಲಿ ಹತ್ತಿ, ಅರಳೆ, ನೂಲು ಎಂಬ ಶಬ್ದಗಳು ಮನೆಮಾತಾಗಿವೆ. ಹತ್ತಿಯ ಧೂಳು ಎದೆಗೆ ಆಗದೆಂಬುದು ಲೋಕದ ಗಿರಣಿಯೂರುಗಳಿಗೆಲ್ಲ ಗೊತ್ತಿರುವ ಸಂಗತಿ. ಭಾನುವಾರದ ಬಿಡುವಿನ ನಂತರ ಸೋಮವಾರ ಕೆಲಸಕ್ಕೆ ಹೋದೊಡನೆ ಎದೆ ಬಿಗಿಯುವುದು ಆ ರೋಗದ ಗುರುತು. ಅದು ಮುಖ್ಯವಾಗಿ ಗಾಳಿಯ ನಾಳಗಳ ರೋಗ. ಮಗನ ನೆರೆಯವರೊಬ್ಬರು ಅಜ್ಜಾರ ಕೆಮ್ಮನ್ನು ಕೇಳಿ, "ನಿಮ್ಮಪ್ಪಾರು ಗಿರಣ್ಯಾಗ ಇದ್ರೇನು?" ಎಂದು ವಿಚಾರಿಸಿದರು. "ಇಲ್ರೀ, ಹೊಲಮನಿ ಮಂದಿ ನಾವು. ಬಯಲಾಗ ದುಡದವ್ರು" ಎಂದು ಮಗ ಉತ್ತರಿಸಿದ. ಬಯಲಿನಲ್ಲಿ ದುಡಿದವನ ಎದೆಗೆ ಧೂಳಿನಿಂದ ಕೇಡಾದೀತೆಂದು ಇಬ್ಬರಿಗೂ ತೋಚಲಿಲ್ಲ. ಹಳ್ಳಿಯ ಗಾಳಿಯ ಮೇಲೆ ನಮಗಿರುವ ಭಕ್ತಿ ಅಷ್ಟು ದೊಡ್ಡದು.

ಆ ವರ್ಷ ಶ್ರಾವಣ ಬಂತು. ನಾಗರಪಂಚಮಿಗೆ ಮಗಳನ್ನು ತವರಿಗೆ ಕರೆತರಲು ಅಜ್ಜಾರು ಹುಕ್ಕೇರಿಗೆ ಹೋದರು. ಮಗಳ ಗಂಡ ಅಲ್ಲಿ ಶಾಲೆಯ ಮಾಸ್ತರರು. ಮಳೆಯಲ್ಲಿ ನೆನೆದ ಕಲ್ಲಿನ ಮೆಟ್ಟಿಲ ಮೇಲೆ ಅಜ್ಜಾರ ಕಾಲು ಜಾರಿತು, ಪಾದದ ಎಲುಬು ಮುರಿಯಿತು. ಮಗಳು ತವರಿಗೆ ಹೋಗುವ ಬದಲು ತವರೇ ಮಗಳ ಮನೆಯಲ್ಲಿ ಆರು ವಾರ ಮಲಗಿತು. ಮಗಳ ಮನೆಯಲ್ಲಿ ಉಳಿಯುವ ಸಂಕೋಚದಿಂದ ಅವರು ಮೊದಲ ವಾರವೆಲ್ಲ ಮುಖ ಗಂಟುಹಾಕಿಕೊಂಡಿದ್ದರು. ಎರಡನೆಯ ವಾರದ ಒಂದು ರಾತ್ರಿ ಮಗಳಿಗೆ ಥಟ್ಟನೆ ಎಚ್ಚರವಾಯಿತು. ಏನೋ ಕೇಳಿಸುತ್ತಿಲ್ಲ. ಗಾಬರಿಯಿಂದ ಎದ್ದು ಹೋಗಿ ನೋಡಿದರೆ ಅಪ್ಪ ಮಗುವಿನಂತೆ ನಿದ್ರಿಸುತ್ತಿದ್ದರು.

ಆರು ವಾರಗಳ ಬಳಿಕ ಅವರು ತೋಟಕ್ಕೆ ಮರಳಿದರು, ದೀಪಾವಳಿಗೆ ಗಾಣ ಹೂಡಿದರು, ರಾಶಿ ಬಿಚ್ಚಿದರು. ಫೋನಿನಲ್ಲಿ ಅಪ್ಪನ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿದಾಗ ಮಗಳು ಗೋಕಾಕಕ್ಕೆ ಫೋನು ಮಾಡಿದಳು.

"ಅಣ್ಣಾ, ಅಪ್ಪ ನಮ್ಮನ್ಯಾಗ ಇದ್ದಾಗ ಕೆಮ್ಮಲೇ ಇಲ್ಲ. ಅಲ್ಲಿ ಬಂದ್ರ ಕೆಮ್ಮತಾನ. ಇದ್ಯಾಕ?"

"ಹುಕ್ಕೇರಿ ನೀರು ಛಲೋ ಇರಬೇಕು ಬಿಡವಾ" ಎಂದು ಅಣ್ಣ ನಕ್ಕ.

ಅವಳು ನಗಲಿಲ್ಲ. ಮಗನ ಶಾಲೆಯ ಹಳೆಯ ನೋಟುಬುಕ್ಕೊಂದರಲ್ಲಿ ಬರೆದಿಡತೊಡಗಿದಳು: ಅಪ್ಪ ಯಾವಾಗ ಎಲ್ಲಿದ್ದ, ಕೆಮ್ಮು ಎಷ್ಟಿತ್ತು. ಗೋಕಾಕದಲ್ಲಿ ಎರಡು ದಿನವಿದ್ದರೆ ಕೆಮ್ಮು ಅಷ್ಟೇ. ಹುಕ್ಕೇರಿಯಲ್ಲಿ ಎರಡು ವಾರವಿದ್ದರೆ ಕಡಿಮೆ. ತೋಟಕ್ಕೆ ಹೋದ ಮೂರೇ ದಿನಕ್ಕೆ ಮೊದಲಿನಂತೆ. ಬೆಳಗಾವಿಯ ಶ್ವಾಸಕೋಶತಜ್ಞರ ಮುಂದೆ ಅಣ್ಣ ಎಕ್ಸ್‌ರೇಗಳ ದಪ್ಪ ಲಕೋಟೆಯನ್ನು ಇಟ್ಟಾಗ ಅವಳು ಆ ನೋಟುಬುಕ್ಕನ್ನು ಅದರ ಮೇಲೆ ಇಟ್ಟಳು. ವೈದ್ಯರು ಲಕೋಟೆಯನ್ನು ಬದಿಗೆ ಸರಿಸಿ ಮೊದಲು ಅದನ್ನೇ ಓದಿದರು.

"ಅಜ್ಜಾರ, ಏನು ಕೆಲಸ ಮಾಡ್ತೀರಿ?"

"ಬೆಲ್ಲದ ಗಾಣ ಐತ್ರಿ ಸಾಹೇಬ್ರ."

"ಸಿಪ್ಪಿ ಎಲ್ಲಿ ಇಡ್ತೀರಿ?"

ಹತ್ತು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

ಇಟಲಿಯ ಬರ್ನಾರ್ಡಿನೊ ರಾಮಝೀನಿ ಎಂಬ ವೈದ್ಯನು 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥ ಬರೆದನು. ಹಿಪ್ಪೊಕ್ರಟೀಸನ ಕಾಲದಿಂದ ವೈದ್ಯರು ರೋಗಿಗೆ ಕೇಳುತ್ತ ಬಂದ ಪ್ರಶ್ನೆಗಳಿಗೆ 'ನಿನ್ನ ಕಸುಬೇನು?' ಎಂಬುದನ್ನೂ ಸೇರಿಸಬೇಕೆಂದನು. ಕಾಳು ಜರಡಿ ಹಿಡಿಯುವವರ ಮತ್ತು ಅಳೆಯುವವರ ಎದೆಯ ಬಾಧೆಗೆಂದೇ ಆ ಗ್ರಂಥದಲ್ಲಿ ಒಂದು ಅಧ್ಯಾಯವುಂಟು. 1932ರಲ್ಲಿ ಇಂಗ್ಲೆಂಡಿನ ಕ್ಯಾಂಬೆಲ್ ಎಂಬ ವೈದ್ಯನು ಬೂಷ್ಟು ಹಿಡಿದ ಒಣಹುಲ್ಲಿನಲ್ಲಿ ಕೆಲಸ ಮಾಡಿದ ಒಕ್ಕಲಿಗರ ಉಸಿರಿನ ತೊಂದರೆಯನ್ನು ವರ್ಣಿಸಿದನು. 1941ರಲ್ಲಿ ಅಮೆರಿಕದ ಲೂಸಿಯಾನಾದಿಂದ ಕಬ್ಬಿನ ಸಿಪ್ಪೆಯ ರೋಗದ ಸುದ್ದಿ ಬಂತು. ಮರುವರ್ಷವೇ ಲಂಡನ್ನಿನಲ್ಲಿ, ಹಡಗಿನಲ್ಲಿ ಬಂದ ಸಿಪ್ಪೆಯನ್ನು ಒಡೆಯುತ್ತಿದ್ದ ಕೂಲಿಗಳಲ್ಲಿ ಅದೇ ರೋಗ ಕಂಡಿತು. ಕಬ್ಬಿನ ಗಿಡವನ್ನೇ ಕಾಣದವರಿಗೆ ಕಬ್ಬಿನ ರೋಗ! ನಮ್ಮ ದೇಶದಲ್ಲಿ ಗಂಗೂಲಿ ಮತ್ತು ಪಾಲ್ ಎಂಬ ವೈದ್ಯರು 1955ರಲ್ಲಿ ಕಲ್ಕತ್ತೆಯ ಬಳಿಯ ರಟ್ಟಿನ ಕಾರ್ಖಾನೆಯೊಂದರಲ್ಲಿ ಇದನ್ನು ಗುರುತಿಸಿದರು. ಬಗ್ಯಾಸೋಸಿಸ್ ಎಂದು ಅದರ ಹೆಸರು. ಬಿಸಿಯಾದ ಸಿಪ್ಪೆಯ ರಾಶಿಯಲ್ಲಿ ಹುಲುಸಾಗಿ ಬೆಳೆಯುವ ಥರ್ಮೊಆಕ್ಟಿನೊಮೈಸಿಸ್ ಸಕ್ಕರಿ ಎಂಬ ಜೀವಿಯೇ ಕಾರಣವೆಂಬುದು 1970ರ ಸುಮಾರಿಗೆ ತಿಳಿದು ಬಂತು. ಹುಲ್ಲಿನ ರೋಗ, ಸಿಪ್ಪೆಯ ರೋಗ, ಪಾರಿವಾಳದ ರೋಗ ಮುಂತಾದವೆಲ್ಲ ಒಂದೇ ಮನೆತನದವು. ವೈದ್ಯರು ಆ ಮನೆತನವನ್ನು ಹೈಪರ್‌ಸೆನ್ಸಿಟಿವಿಟಿ ನ್ಯೂಮೊನೈಟಿಸ್ ಎಂದು ಕರೆಯುತ್ತಾರೆ. ಹೆಸರಿನಲ್ಲಿ ನ್ಯೂಮೋನಿಯದ ಛಾಯೆಯಿದ್ದರೂ ಇದು ಸೋಂಕಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದೂ ಅಲ್ಲ. ಆ ತಾಟು-ತಂಬಿಗೆಗಳನ್ನು ಬೇರೆ ಇಡಬೇಕಾಗಿಯೇ ಇರಲಿಲ್ಲ.

ಉಸಿರಿನೊಡನೆ ಒಳಗೆ ಹೋದ ಧೂಳಿನಲ್ಲಿ ದಪ್ಪ ಕಣಗಳನ್ನು ಮೂಗು, ಗಂಟಲು, ನಾಳಗಳು ತಡೆದು ಹೊರಹಾಕುತ್ತವೆ. ಈ ಜೀವಿಗಳ ಬೀಜಕಣಗಳು ಎಷ್ಟು ಸಣ್ಣವೆಂದರೆ ಎಲ್ಲ ಕಾವಲುಗಳನ್ನೂ ದಾಟಿ ಪುಪ್ಪುಸದ ಕಟ್ಟಕಡೆಯ ಗಾಳಿಗೂಡುಗಳನ್ನು ಸೇರುತ್ತವೆ. ಇಂಥ ಗೂಡುಗಳು ಮನುಷ್ಯನ ಎದೆಯಲ್ಲಿ 30ರಿಂದ 50 ಕೋಟಿ. ಅವುಗಳ ಗೋಡೆ ಕೂದಲೆಳೆಯ ನೂರನೆಯ ಒಂದು ಪಾಲಿನಷ್ಟೂ ದಪ್ಪವಿಲ್ಲ. ಆ ತೆಳುವಿನಿಂದಲೇ ಪ್ರಾಣವಾಯು ರಕ್ತಕ್ಕೆ ಇಳಿಯುತ್ತದೆ. ಬೀಜಕಣವೇನೂ ಅಲ್ಲಿ ಮನೆ ಮಾಡುವುದಿಲ್ಲ, ಬೆಳೆಯುವುದಿಲ್ಲ. ಶರೀರವೇ ಅದನ್ನು ಶತ್ರುವೆಂದು ಬಗೆದು ಸೈನ್ಯ ಕಳಿಸುತ್ತದೆ. ಊತವುಂಟಾಗುತ್ತದೆ. ಅಜ್ಜಾರ ಹಂಗಾಮಿನ ಜ್ವರ ಈ ಕದನದ ಸದ್ದು. ಕದನ ಒಮ್ಮೆ ನಡೆದು ನಿಂತರೆ ನೆಲ ಮೊದಲಿನಂತಾಗಬಹುದು. ವರ್ಷವರ್ಷವೂ, ದಿನದಿನವೂ ನಡೆದರೆ ಗಾಯದ ಮೇಲೆ ಗಾಯವಾಗಿ, ಅದನ್ನು ಮಾಯಿಸಲು ಹೊರಟ ಶರೀರವು ನಾರಿನಂಥ ಗಟ್ಟಿ ವಸ್ತುವನ್ನು ನೇಯ್ದು ತೇಪೆ ಹಾಕುತ್ತದೆ. ಕಲೆ ಬೀಳುತ್ತದೆ.

ಕನ್ನಡದಲ್ಲಿ ಕಲೆ ಎಂಬ ಶಬ್ದ ಎರಡುಂಟು, ಒಂದು ಸಂಸ್ಕೃತದಿಂದ ಬಂದದ್ದು, ಒಂದು ನಮ್ಮದೇ. ಗಾಯದ ಕಲೆ ನಮ್ಮದು. ಮೊಣಕಾಲಿನ ಮೇಲಿನ ಕಲೆಯನ್ನು ತೋರಿಸಿ, ಬಾಲ್ಯದಲ್ಲಿ ಹುಣಿಸೆಯ ಮರದಿಂದ ಬಿದ್ದ ಕಥೆ ಹೇಳದ ತಂದೆ ಯಾವ ಮನೆಯಲ್ಲಿದ್ದಾನೆ? ಚರ್ಮದ ಮೇಲೆ ಕಲೆಯೆಂದರೆ ಗಾಯ ಮಾಯಿತೆಂಬುದರ ಸಾಕ್ಷಿ. ಏಕೆಂದರೆ ಮೊಣಕಾಲು ಉಸಿರಾಡಬೇಕಾಗಿಲ್ಲ. ಪುಪ್ಪುಸದಲ್ಲಿ ಮಾಯುವುದೇ ರೋಗ. ತೆಳುವಾದ ಗೋಡೆಗೆ ತೇಪೆಯ ಮೇಲೆ ತೇಪೆ ಬಿದ್ದು, ಬಲೂನಿನಂತೆ ಹಿಗ್ಗಬೇಕಾದುದು ಒಣಗಿದ ತೊಗಲಿನಂತೆ ಬಿರುಸಾಗುತ್ತದೆ. ಉಸಿರು ಒಳಗೆ ಬಂದರೂ ರಕ್ತಕ್ಕೆ ಇಳಿಯುವ ದಾರಿ ಮುಚ್ಚಿರುತ್ತದೆ. ಹಾಗೆ ಬಿದ್ದ ಕಲೆಯನ್ನು ಅಳಿಸುವ ಔಷಧ ಇಂದಿಗೂ ಇಲ್ಲ.

ವೈದ್ಯರು ಅಜ್ಜಾರ ಬೆನ್ನಿನ ಮೇಲೆ ಕೊಳವೆಯಿಟ್ಟು ಆಲಿಸಿದರು. ಆಮೇಲೆ ಅದರ ತುದಿಗಳನ್ನು ಮಗನ ಕಿವಿಗೆ ಕೊಟ್ಟರು. ಪ್ರತಿ ಉಸಿರಿನ ಕೊನೆಯಲ್ಲಿ ಚರಚರನೆಂಬ ಸಣ್ಣ ಸದ್ದು. ಚೀಲದ ಅಂಟುಪಟ್ಟಿಯನ್ನು ಬಿಡಿಸಿದ ಹಾಗೆ ಎಂದು ವೈದ್ಯರು ವಿವರಿಸಿದರು. ಮಗನಿಗೆ ಮಾತ್ರ ಅದು ಒಣಗಿದ ರವದಿಯ ಮೇಲೆ ಯಾರೋ ನಡೆದು ಹೋದಂತೆ ಕೇಳಿಸಿತು. ಅಜ್ಜಾರ ಬೆರಳ ತುದಿಗಳು ಉಬ್ಬಿ, ಉಗುರುಗಳು ಗಿಳಿಯ ಕೊಕ್ಕಿನಂತೆ ಬಾಗಿದ್ದವು. ಅದನ್ನು ಮನೆಯವರು ಕಂಡಿದ್ದರೂ ದುಡಿದ ಕೈಯ ಲಕ್ಷಣವೆಂದುಕೊಂಡಿದ್ದರು. ಬೆರಳಿಗೆ ಸಿಕ್ಕಿಸುವ ಯಂತ್ರ ಕುಳಿತಾಗ 95 ತೋರಿಸಿತು. ಆರು ನಿಮಿಷ ನಡೆಸಿದ ಮೇಲೆ 86ಕ್ಕೆ ಇಳಿಯಿತು. ಸಿ.ಟಿ. ಚಿತ್ರದಲ್ಲಿ ಕಲೆಗಳು ಬಲೆ ಬಲೆಯಾಗಿ ಕಂಡವು. ಅಲ್ಲಲ್ಲಿ ಇನ್ನೂ ಊತ ಮಾತ್ರವೇ ಇದ್ದ ಭಾಗಗಳೂ ಇದ್ದವು. ವೈದ್ಯರ ಆಸೆಯೆಲ್ಲ ಆ ಭಾಗಗಳ ಮೇಲೆ. ಕಲೆಯಾದುದು ಹೋಯಿತು, ಇನ್ನೂ ಕಲೆಯಾಗದುದನ್ನು ಉಳಿಸಿಕೊಳ್ಳಬೇಕು.

"ಅದೇ ಗಾಣದಾಗ ನಮ್ಮ ಕಾಕಾನೂ ದುಡದಾನ್ರೀ. ಅವಗ ಏನೂ ಆಗಿಲ್ಲಲ್ರೀ?" ಎಂದು ಮಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಒಂದೇ ಧೂಳನ್ನು ಕುಡಿದ ಹಲವರಲ್ಲಿ ಕೆಲವರಿಗೆ ಮಾತ್ರ ಈ ರೋಗ ಬರುತ್ತದೆ. ಶರೀರದ ಸ್ವಭಾವವೇ ಹಾಗೆ. ಇನ್ನೊಂದು ವಿಚಿತ್ರವೆಂದರೆ ಬೀಡಿ ಸಿಗರೇಟು ಸೇದುವವರಲ್ಲಿ ಇದು ತುಸು ಕಡಿಮೆ. ಅಜ್ಜಾರ ತಮ್ಮ ಬೀಡಿ ಸೇದುವವರು, ಅಜ್ಜಾರು ಜನ್ಮದಲ್ಲಿ ಮುಟ್ಟಿದವರಲ್ಲ. ಇದನ್ನು ಬೀಡಿಯ ಪರವಾದ ವಾದವೆಂದು ಯಾರೂ ಹಿಡಿದುಕೊಳ್ಳಬಾರದು. ಬೀಡಿ ಒಂದು ಬಾಗಿಲನ್ನು ಓರೆಮಾಡಿ ಹತ್ತು ಬಾಗಿಲುಗಳನ್ನು ತೆರೆಯುತ್ತದೆ.

ಸರಕಾರಕ್ಕೆ ಈ ರೋಗ ತಿಳಿಯದುದೇನಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ಕಸುಬಿನಿಂದ ಬರುವ ರೋಗಗಳ ಪಟ್ಟಿಗೆ ಬಗ್ಯಾಸೋಸಿಸ್ ಸೇರಿತ್ತು. ಸಿಪ್ಪೆಯನ್ನು ಶೇಕಡಾ 20ಕ್ಕಿಂತ ಹೆಚ್ಚು ತೇವದಲ್ಲಿಡುವುದು, ಶೇಕಡಾ 2ರ ಪ್ರೊಪಿಯಾನಿಕ್ ಆಮ್ಲವನ್ನು ಸಿಂಪಡಿಸಿ ಬೂಷ್ಟನ್ನು ತಡೆಯುವುದು, ಧೂಳು ಹೀರುವ ಯಂತ್ರಗಳನ್ನಿಡುವುದು ಮೊದಲಾದ ಉಪಾಯಗಳು ವೈದ್ಯಕೀಯ ಪಠ್ಯಗಳಲ್ಲಿವೆ. ಆದರೆ ಅವೆಲ್ಲ ಮಾಲೀಕನೊಬ್ಬ, ಕೂಲಿಯೊಬ್ಬ ಇರುವ ಕಾರ್ಖಾನೆಗೆ ಹೇಳಿದ ಮಾತು. ತನ್ನ ಹೊಲದಲ್ಲಿ ತಾನೇ ಧಣಿ, ತಾನೇ ಆಳು ಆಗಿರುವವನು ಯಾರಿಂದ ಪರಿಹಾರ ಕೇಳಬೇಕು?

ಇದು ಹಳ್ಳಿಯ ಗಾಣದ ಗೊಡವೆಯಾಯಿತು, ಬಹುಮಹಡಿಯ ಮನೆಯಲ್ಲಿರುವ ನಮಗೇನು ಎಂದು ವಾಚಕರು ಪುಟ ತಿರುವುವ ಮುನ್ನ ಒಂದು ಸಂಗತಿ. ಜಗತ್ತಿನಲ್ಲಿ ವಿರಳವೆನಿಸಿರುವ ಈ ರೋಗ ಭಾರತದಲ್ಲಿ ಅಷ್ಟು ವಿರಳವಲ್ಲ. ನಮ್ಮ ದೇಶದ 19 ಪಟ್ಟಣಗಳ 27 ಕೇಂದ್ರಗಳಲ್ಲಿ, ಪುಪ್ಪುಸದ ಒಡಲಿಗೇ ತಗಲುವ ಬಗೆಬಗೆಯ ರೋಗಗಳ 1,084 ರೋಗಿಗಳನ್ನು ಪರೀಕ್ಷಿಸಿದ ವರದಿ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 47.3 ಜನರಿಗಿದ್ದುದು ಇದೇ ಮನೆತನದ ರೋಗ. ಆ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ನೀರು ತುಂಬಿಸುವ ಏರ್‌ಕೂಲರಿನ ಗಾಳಿಗೆ ಒಡ್ಡಿಕೊಂಡವರು. ಬೇಸಗೆ ಮುಗಿದ ಮೇಲೆ ಮೂಲೆಗೆ ತಳ್ಳಿದ ಕೂಲರಿನ ಹುಲ್ಲಿನ ಪದರದಲ್ಲಿ ಬೂಷ್ಟು ಬೆಳೆಯುತ್ತದೆ. ಮುಂದಿನ ಬೇಸಗೆಯಲ್ಲಿ ಗುಂಡಿ ಒತ್ತಿದೊಡನೆ ಅದು ಮಲಗುವ ಕೋಣೆಯ ತುಂಬ ಹರಡುತ್ತದೆ. ಪುಣ್ಯಕ್ಕೆಂದು ಕಾಳು ಹಾಕಿ ಕರೆದ ಪಾರಿವಾಳಗಳು ಬಾಲ್ಕನಿಯಲ್ಲಿ ಬಿಟ್ಟುಹೋಗುವ ಹಿಕ್ಕೆ ಮತ್ತು ಗರಿಯ ಧೂಳೂ ಅಂಥದೇ. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸುವವರು ಸಾಮಾನ್ಯವಾಗಿ ಮನೆಯ ಹೆಂಗಸರು ಎಂಬುದನ್ನೂ ನೆನೆಯಬೇಕು.

ಅಜ್ಜಾರಿಗೆ ಪ್ರೆಡ್ನಿಸೊಲೋನ್ ಮಾತ್ರೆ ಬರೆದುಕೊಟ್ಟರು, ಅದು ಊತಕ್ಕೆ. ಕಲೆ ಹರಡುವ ವೇಗವನ್ನು ತಗ್ಗಿಸಲು ನಿಂಟೆಡಾನಿಬ್ ಎಂಬ ಇನ್ನೊಂದು ಔಷಧವುಂಟು. ಪುಪ್ಪುಸದ ಕಲೆ ಹರಡುತ್ತಿದ್ದ 663 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದೇ ಉಸಿರಿಗೆ ಊದಿ ಹೊರಹಾಕಬಲ್ಲ ಗಾಳಿಯ ಪ್ರಮಾಣ ಔಷಧವಿಲ್ಲದವರಲ್ಲಿ ವರ್ಷಕ್ಕೆ 187.8 ಮಿಲಿಲೀಟರು ಕುಗ್ಗಿದರೆ ಔಷಧ ತೆಗೆದುಕೊಂಡವರಲ್ಲಿ 80.8 ಮಾತ್ರ ಕುಗ್ಗಿತು. ಆ ರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಅಜ್ಜಾರ ರೋಗದವರೇ. ಇಳಿಜಾರಿನ ಗಾಡಿಗೆ ಬ್ರೇಕು ಹಾಕಿದಂತೆ. ಗಾಡಿ ಹಿಂದಕ್ಕೆ ಬರುವುದಿಲ್ಲ. "ಇವೆಲ್ಲಾದಕಿಂತ ದೊಡ್ಡ ಔಷಧ ಒಂದೈತ್ರಿ ಅಜ್ಜಾರ, ಅದಕ್ಕ ರೊಕ್ಕ ಬೇಕಾಗಿಲ್ಲ. ಗಾಣಕ್ಕ ಹೋಗಬ್ಯಾಡ್ರಿ" ಎಂದರು ವೈದ್ಯರು.

ರೊಕ್ಕ ಬೇಡದ ಆ ಔಷಧವೇ ಎಲ್ಲಕ್ಕಿಂತ ತುಟ್ಟಿಯಾಯಿತು. ಅಜ್ಜಾರು ಬೆಳಗಾವಿಯಿಂದ ಹಿಂದಿರುಗುವ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ, "ಬೆಲ್ಲದ ಹದಾ ನೋಡಾಕ ಯಾರ್ ಅದಾರ?" ಎಂದು ಒಮ್ಮೆ ಕೇಳಿದರು, ಅಷ್ಟೇ. ಗಾಣ ಮಾರಿಬಿಡೋಣವೆಂದು ಮಗ ಹೇಳಿದ. ಲೆಕ್ಕದ ಪ್ರಕಾರ ಅವನ ಮಾತು ಸರಿಯಾಗಿತ್ತು. ಹಿಂದೆಯೂ ಸರಿಯಾಗಿಯೇ ಇತ್ತು. ಅಜ್ಜಾರು ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ನಲವತ್ತು ವರ್ಷ ಒಂದು ಕೊಪ್ಪರಿಗೆಯ ಮುಂದೆ ನಿಂತವನಿಗೆ ಆ ಕೊಪ್ಪರಿಗೆ ನಿನ್ನನ್ನು ಕೊಲ್ಲುತ್ತಿದೆ ಎಂದರೆ, ಅವನು ಸಾವಿಗೆ ಹೆದರುವ ಮೊದಲು ಕೊಪ್ಪರಿಗೆಗಾಗಿ ನೊಂದುಕೊಳ್ಳುತ್ತಾನೆ. ಇದನ್ನು ಹಟವೆಂದು ಕರೆಯುವುದು ಸುಲಭ.

ದಾರಿ ತೋರಿಸಿದವಳು ಮತ್ತೆ ಮಗಳೇ. "ಅಪ್ಪಾ, ಕೇಡು ಗಾಣದಾಗಿಲ್ಲ, ರಾಶ್ಯಾಗ ಐತಿ" ಎಂದಳು. ಹಂಗಾಮು ಮುಗಿದೊಡನೆ ಮಿಕ್ಕ ಸಿಪ್ಪೆಯನ್ನು ಮಳೆಗೆ ಮುನ್ನವೇ ಮಾರಿಬಿಡುವುದು, ಮುಂದಿನ ವರ್ಷದ ಮೊದಲ ಒಲೆಗೆ ಕಟ್ಟಿಗೆ ಉರಿಸುವುದು ಎಂದು ನಿಶ್ಚಯವಾಯಿತು. ಗಾಣವನ್ನು ಅಜ್ಜಾರ ತಮ್ಮನ ಮಗ ನಡೆಸಬೇಕು. ತಗಡಿನ ಮಾಡಿನ ಕೆಳಗಿನ ಹಳೆಯ ರಾಶಿಯನ್ನು ನೀರು ಹೊಡೆದು ತೋಯಿಸಿ, ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಖಾಲಿ ಮಾಡಿಸಿದರು. ಅಜ್ಜಾರು ಹುಕ್ಕೇರಿಯಲ್ಲಿಯೇ ಇರಬೇಕು. ಮಗಳ ಮನೆಯಲ್ಲಿ ತಂದೆ ಹೀಗೆ ನೆಲೆಸುವುದು ಲೋಕರೂಢಿಯಲ್ಲವೆಂದು ಅವರು ಕೊನೆಯ ಅಡ್ಡಿಯನ್ನು ಎತ್ತಿದರು. ಅಳಿಯ ಮಾಸ್ತರರು, "ಹಂಗಾದ್ರ ಬಾಡಿಗಿ ಕೊಡ್ರಿ ಮಾವಾರ, ತಿಂಗಳಾ ಎರಡು ಪೆಂಟಿ ಬೆಲ್ಲ" ಎಂದರು. ಅಡ್ಡಿ ಅಲ್ಲಿಗೆ ಮುಗಿಯಿತು.

ಕೆಮ್ಮು ಬಹುಮಟ್ಟಿಗೆ ಇಳಿದಿದೆ. ಮೆಟ್ಟಿಲು ಹತ್ತುವಾಗಿನ ಏದುಸಿರು ಇಳಿದಿಲ್ಲ, ಇಳಿಯುವುದೂ ಇಲ್ಲ. ಬೆರಳಿಗೆ ಸಿಕ್ಕಿಸುವ ಯಂತ್ರವನ್ನು ಅವರು ಈಗ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಮೊಮ್ಮಗ ದಿನಕ್ಕೆರಡು ಬಾರಿ ಅಂಕಿಯನ್ನು ಓದಿ, ಅವ್ವನ ಅದೇ ಹಳೆಯ ನೋಟುಬುಕ್ಕಿನಲ್ಲಿ ಬರೆಯುತ್ತಾನೆ.

ಕಳೆದ ಹಂಗಾಮಿನಲ್ಲಿ ಗಾಣ ಹೂಡಿದ ದಿನ ಸಂಜೆ ಹುಕ್ಕೇರಿಯ ಮನೆಯ ಫೋನು ಬಾರಿಸಿತು. ಪರದೆಯ ಮೇಲೆ ಮೊದಲು ಹೊಗೆ ಕಂಡಿತು, ಆಮೇಲೆ ತಮ್ಮನ ಮಗನ ಬೆವತ ಮುಖ, ಆಮೇಲೆ ಕೊಪ್ಪರಿಗೆಯಲ್ಲಿ ಹೊನ್ನಿನ ಬಣ್ಣಕ್ಕೆ ತಿರುಗಿ ಕುದಿಯುತ್ತಿದ್ದ ಪಾಕ. ಹುಡುಗ ಸೌಟಿನಿಂದ ಒಂದು ಹನಿಯನ್ನು ತಣ್ಣೀರಿನ ತಾಟಿಗೆ ಬಿಟ್ಟು, ತಾಟನ್ನು ಫೋನಿನ ಹತ್ತಿರ ಹಿಡಿದ. ಅಜ್ಜಾರು ಕನ್ನಡಕವನ್ನು ಸರಿಪಡಿಸಿಕೊಂಡು ಬಗ್ಗಿ ನೋಡಿದರು.

"ಇನ್ನೂ ಎಳೇದೈತಿ" ಎಂದರು. ಒಂದು ಉಸಿರು ತೆಗೆದುಕೊಂಡು, "ಇನ್ನೊಂದ ಕುದಿ ಬರ್ಲಿ" ಎಂದರು.